ಐದು ಸಾವಿರದ ನಲವತ್ತೊಂದು

ವ್ಯಾಪಾರಕ್ಕೆ ಕೂತಾಗ ಮೊದಲ ಸಂಖ್ಯೆ ಎದುರಿನವನ ಬಾಯಿಂದ ಬರಬೇಕು. ತಿರುಪ್ಪೂರಿನಲ್ಲಿ ಮೂವತ್ತು ವರ್ಷ ಬನಿಯನ್ ಬಟ್ಟೆ ಕೊಂಡು ಮಾರಿ ನಾನು ಕಲಿತ ಪಾಠ ಇದು. ಕೇಳಿದವರಿಗೂ ಕೇಳದವರಿಗೂ ಹೇಳುತ್ತಲೇ ಬಂದಿದ್ದೇನೆ. ಅವನು ಹೇಳಿದ ಮೇಲೆ ನೀವು ಸುಮ್ಮನಿರಿ. ಆ ಮೌನ ತಡೆಯಲಾಗದೆ ಅವನೇ ಇನ್ನೊಂದು ಸಂಖ್ಯೆಗೆ ಇಳಿಯುತ್ತಾನೆ. ನನ್ನ ಯಾವ ಉಪಾಯಕ್ಕೂ ಬಗ್ಗದವರು ನನಗೆ ಸಿಕ್ಕಿದ್ದು ಒಬ್ಬರೇ, ನನ್ನ ಅವ್ವ. ಅವಳು ಒಂದು ಸಂಖ್ಯೆ ಹೇಳಿದಳು. ನಾನು ಒಂದು ಕಡಿಮೆ ಹೇಳಿದೆ. ಅವಳು ಇಳಿಯಲಿಲ್ಲ.

ನಮ್ಮದು ನೇಯುವ ಮನೆತನ. ಕೊಯಮತ್ತೂರು ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಊರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವ್ವನಿಗೆ ಎರಡರಲ್ಲೂ ಅಕ್ಷರ ಬರುತ್ತಿರಲಿಲ್ಲ. ನಾನು ಕನ್ನಡ ಅಕ್ಷರ ಕಲಿತದ್ದೂ ನಲವತ್ತು ದಾಟಿದ ಮೇಲೆ, ಹುಬ್ಬಳ್ಳಿ ಕಡೆಯ ವರ್ತಕರು ನನ್ನೆದುರೇ ಚೀಟಿಯಲ್ಲಿ ಏನು ಗೀಚಿಕೊಳ್ಳುತ್ತಾರೆ ಎಂದು ತಿಳಿಯುವುದಕ್ಕೆ. ಆದರೆ ಅಂಕಿ ಅವ್ವನಿಗೆ ಯಾರೂ ಕಲಿಸದೆ ಬಂದಿತ್ತು. ಅದು ಬೆರಳಿನಿಂದ ಬಂದದ್ದು.

ನಮ್ಮ ಸೀರೆಯ ಹಾಸಿನಲ್ಲಿ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ನೂಲಿನಲ್ಲಿ, ಐದು ಸಾವಿರದ ನಲವತ್ತು ಎಳೆ. ನೂರಿಪ್ಪತ್ತು ಎಳೆಗೆ ಒಂದು ಪುಂಜ ಎಂದು ಲೆಕ್ಕ. ನಲವತ್ತೆರಡು ಪುಂಜದ ಹಾಸು. ಲಕ್ಷ ಕೋಟಿಯಲ್ಲಿ ಮಾತಾಡುವ ಊರಿನವರಿಗೆ ಇದೇನು ದೊಡ್ಡ ಸಂಖ್ಯೆ ಅನ್ನಿಸಬಹುದು. ಒಂದೊಂದು ಎಳೆಯನ್ನೂ ಬೆರಳಲ್ಲಿ ಹೊಸೆದು ನೋಡಿ, ಆಮೇಲೆ ಹೇಳಿ.

ಈ ಸಂಖ್ಯೆಯ ಗುಣವನ್ನು ಅಪ್ಪ ನನಗೆ ಚಿಕ್ಕಂದಿನಲ್ಲೇ ತೋರಿಸಿದ್ದ. ಒಂದರಿಂದ ಏಳರ ತನಕ ಗುಣಿಸುತ್ತ ಹೋಗು, ಐದು ಸಾವಿರದ ನಲವತ್ತು. ಏಳು, ಎಂಟು, ಒಂಬತ್ತು, ಹತ್ತು ಇವು ನಾಲ್ಕನ್ನೇ ಗುಣಿಸು, ಆಗಲೂ ಅದೇ. ಒಂದರಿಂದ ಹತ್ತರ ತನಕ ಯಾವ ಅಂಕಿಯಿಂದ ಭಾಗಿಸಿದರೂ ಶೇಷವಿಲ್ಲದೆ ಹೋಗುತ್ತದೆ. ಅಂದರೆ ಪಟ್ಟೆ ಮೂರು ಎಳೆಯದಾಗಲಿ, ಏಳು ಎಳೆಯದಾಗಲಿ, ಒಂಬತ್ತರದ್ದಾಗಲಿ, ಸೀರೆಯ ಅಂಚಿಗೆ ಬಂದು ಸರಿಯಾಗಿ ಮುಗಿಯುತ್ತದೆ. ಅರ್ಧ ಪಟ್ಟೆ ಉಳಿಯುವುದಿಲ್ಲ. ಯಾರ ಜೊತೆಗೂ ಹೊಂದಿಕೊಳ್ಳುವ ಸಂಖ್ಯೆ ಎಂದು ಅಪ್ಪ ಅದನ್ನು ಕರೆಯುತ್ತಿದ್ದ. ನಾನು ವ್ಯಾಪಾರಕ್ಕೆ ಇಳಿದ ಮೇಲೆ ಅದರ ಹಾಗೇ ಇರಬೇಕು ಎಂದುಕೊಂಡೆ. ಇದ್ದೆ ಕೂಡ.

ಗಂಡಸರು ನೇಯುತ್ತಿದ್ದರು, ಎಳೆ ಕೂಡಿಸುವುದು ಹೆಂಗಸರ ಕೆಲಸ. ಒಂದು ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಹಳೆಯ ಎಳೆಗಳ ತುದಿ ಹಾಗೇ ಇರುತ್ತದೆ. ಅವ್ವ ಮತ್ತು ಅವಳ ತಂಗಿ, ನನ್ನ ಚಿಕ್ಕವ್ವ, ಎದುರುಬದುರು ಕೂತು ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆಯ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ತುದಿ ಸೇರಿಸಿ ಹೊಸೆಯುತ್ತಿದ್ದರು. ಎರಡು ಮೂರು ದಿನ ಹಿಡಿಯುತ್ತಿತ್ತು. ಹಾಗಾಗಿ ನಮ್ಮ ಮಗ್ಗ ಯಾವತ್ತೂ ಬರಿದಾದದ್ದಿಲ್ಲ. ಅಜ್ಜನ ಕಾಲದ ಎಳೆಗೇ ಇವತ್ತಿನ ಎಳೆ ಸೇರಿತ್ತು.

ಹದಿನೇಳರಲ್ಲಿ ನಾನು ಮಗ್ಗ ಬಿಟ್ಟೆ. ಅಪ್ಪನ ಜೊತೆ ಮಾತು ಬೆಳೆದು, ತಿರುಪ್ಪೂರಿನ ಬಸ್ಸು ಹತ್ತಿದೆ. ಹೊರಡುವಾಗ ಅವ್ವ ಮಗ್ಗದ ಹಿಂದೆ ಕೂತು ಏನೋ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. ಸಿಟ್ಟು ಎಂದುಕೊಂಡೆ.

ಅಪ್ಪ ತೀರಿಕೊಂಡ ಮೇಲೆ ಅವ್ವನೇ ನೇಯಲು ಕೂತಿದ್ದಳು. ಅವಳನ್ನು ತಿರುಪ್ಪೂರಿಗೆ ಕರೆತರಲು ಹೋದೆ. ಆಗ ನಡೆದ ಚೌಕಾಸಿಯಲ್ಲಿ ಸೋತವನು ನಾನು.

"ಮಗ್ಗ ಬಂದ್ರೆ ನಾನೂ ಬತ್ತೀನಿ ಸಾಮಿ. ಇಲ್ದಿದ್ರೆ ನಿನ್ ಮನೆ ನಿಂಗೆ."

"ಅವ್ವಾ, ಟೈಲ್ಸ್ ಹಾಕಿದ ಮನೇಲಿ ಗುಂಡಿ ತೋಡೋದಾ?"

"ಕಾರು ಮಲಗೋಕೆ ಒಂದು ರೂಮು ಕಟ್ಟಿಸಿದ್ದೀಯಂತೆ. ನಾನು ಕಾಲಿಡೋಕೆ ಒಂದು ಗುಂಡಿ ಇರಬಾರದಾ?"

ಹಿಂದಿನ ಕೋಣೆಯ ಟೈಲ್ಸ್ ಒಡೆಸಿ, ಕೂತು ನೇಯುವವರು ಕಾಲು ಇಳಿಬಿಡುವ ಗುಂಡಿ ತೋಡಿಸಿದೆ. ಮಗ್ಗವನ್ನು ಹಣಿಗೆ, ಹಾಸು, ಎಳೆಗಳ ಸಮೇತ ವ್ಯಾನಿನಲ್ಲಿ ತಂದು ಕೂರಿಸಿದೆವು. ಮಗ್ಗದ ಹಿಂದೆ, ಬಲಗಡೆಯ ಅಂಚಿನಲ್ಲಿ, ಒಂದು ಪುಟ್ಟ ಉರುಳೆಯಿಂದ ಒಂಟಿ ಎಳೆಯೊಂದು ಇಳಿದುಬಂದು ಹಾಸಿನ ಪಕ್ಕಕ್ಕೆ ಸೇರುತ್ತಿತ್ತು. ಬಿಗಿಯಾಗಿ ನಿಲ್ಲಲೆಂದು ಉರುಳೆಗೆ ಒಂದು ಬೆಣಚುಕಲ್ಲು ಕಟ್ಟಿತ್ತು. ಎಳೆ ಕಡಿದಾಗ ಬದಲಿ ಎಳೆಯನ್ನು ಹಾಗೆ ತೂಗಿಬಿಡುವುದು ಎಲ್ಲ ಮಗ್ಗದಲ್ಲೂ ರೂಢಿ. ಸಾಗಿಸುವಾಗ ಅದು ಸಿಕ್ಕಾಗದಂತೆ ಅವ್ವ ಉರುಳೆಯನ್ನು ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎಪ್ಪತ್ತರ ಸುಮಾರಿಗೆ ಅವ್ವನಿಗೆ ಮರೆವು ಶುರುವಾಯಿತು. ಇದು ಸುಳ್ಳಲ್ಲ. ನನ್ನ ಹೆಂಡತಿಯನ್ನು ಚಿಕ್ಕವ್ವನ ಹೆಸರಿಂದ ಕರೆದಳು. ಒಲೆಯ ಮೇಲೆ ಹಾಲಿಟ್ಟು ಹೋಗಿ ಮಗ್ಗದಲ್ಲಿ ಕೂತಳು. ಹೆಂಡತಿಗೆ ದಿಗಿಲು. "ಏನುಂಗ, ಆ ಗುಂಡಿಗೆ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ಕೊಳ್ಳೋದು?" ನನಗೂ ಆ ಕೋಣೆಯ ಮೇಲೆ ಕಣ್ಣಿತ್ತು. ಬಟ್ಟೆಯ ಉರುಳೆಗಳನ್ನು ಬಿಚ್ಚಿ ದೀಪದ ಮೇಲೆ ಓಡಿಸಿ ತೂತು, ಕಲೆ ನೋಡುವ ಯಂತ್ರವೊಂದನ್ನು ಕೊಯಮತ್ತೂರಿನ ಗಣಪತಿ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ನೋಡಿ ಬಂದಿದ್ದೆ. ಅದಕ್ಕೆ ಸರಿಯಾಗಿ ಹಿಂದಿನ ಕೋಣೆಯಷ್ಟೇ ಜಾಗ ಬೇಕಿತ್ತು. ಇದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಮೋಸದ ವ್ಯಾಪಾರವಾಗುತ್ತದೆ.

ಆ ದಿನಗಳಲ್ಲೇ ಹೊಸ ಹಾಸು ಬಂತು. ಚಿಕ್ಕವ್ವ ಊರಿಂದ ಬಂದು ಅವ್ವನ ಎದುರು ಕೂತು ಎಳೆ ಕೂಡಿಸಿ ಹೋದಳು. ಮರುದಿನ ಅವ್ವನಿಗೆ ಎಷ್ಟು ನೆನಪಿದೆ ನೋಡೋಣವೆಂದು, ಹೆಂಡತಿಯ ಮುಂದೆಯೇ ಕೇಳಿದೆ.

"ಅವ್ವಾ, ಹಾಸಲ್ಲಿ ಎಷ್ಟು ಎಳೆ?"

"ಐದು ಸಾವಿರದ ನಲವತ್ತೊಂದು."

"ನಲವತ್ತು."

"ನಲವತ್ತೊಂದು ಸಾಮಿ."

ಹಾಸು ಮಾಡಿಕೊಟ್ಟವರ ಚೀಟಿ ತಂದು ಹಿಡಿದೆ. ನಲವತ್ತೆರಡು ಪುಂಜ ಎಂದು ಬರೆದಿತ್ತು. ನಲವತ್ತೆರಡು ನೂರಿಪ್ಪತ್ತಲಿ ಎಷ್ಟು ಎಂದು ನಾನೇ ಗುಣಿಸಿ ಹೇಳಿದೆ.

ಅವ್ವ ಚೀಟಿಯನ್ನು ನೋಡಲಿಲ್ಲ. "ಎರಡೆರಡಾಗಿ ಹಾಕಿದ್ರೂ ಒಂದು ಮಿಚ್ಚ ಉಳೀತದೆ. ಮೂರು ಮೂರಾಗಿ ಹಾಕಿದ್ರೂ ಒಂದು ಮಿಚ್ಚ. ಏಳರಲ್ಲಿ ಹಾಕು, ಒಂಬತ್ತರಲ್ಲಿ ಹಾಕು, ಒಂದು ನಿಂತೇ ನಿಲ್ತದೆ. ಅದನ್ನ ಎಲ್ಲಿ ಸೇರಿಸೋದು ಅಂತ ಎಷ್ಟು ವರ್ಷ ಒದ್ದಾಡಿದೀನಿ, ನಿಂಗೇನ್ ಗೊತ್ತು."

ಹೆಂಡತಿ ನನ್ನ ಮುಖ ನೋಡಿದಳು. ಹೀಗೆ ಮಾತಾಡುವವರನ್ನು ಗುಂಡಿಯ ಪಕ್ಕ ಬಿಡುವುದು ಹೇಗೆ ಎಂದು ಆ ನೋಟ. ಹಾಸು ಎದುರಿಗೇ ಇತ್ತು. ಒಂದು ಮಧ್ಯಾಹ್ನ ಕೂತಿದ್ದರೆ ಎಣಿಸಿ ಮುಗಿಸಬಹುದಿತ್ತು. ನಮ್ಮ ಜನ ಎಳೆ ಎಣಿಸುವುದಿಲ್ಲ, ಪುಂಜ ಎಣಿಸುತ್ತೇವೆ. ನಾನೂ ಅಷ್ಟೇ ಮಾಡಿದೆ. ಗುಣಿಸಿದೆ, ಎಣಿಸಲಿಲ್ಲ.

ಕೊಯಮತ್ತೂರಿನಲ್ಲಿ ಮರೆವಿನ ರೋಗ ನೋಡುವ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಡಾಕ್ಟರರ ಮಾತು ತಂದು ಅವಳ ಮುಂದಿಟ್ಟರೆ ಮಗ್ಗ ತೆಗೆಯುವುದಕ್ಕೆ ಅವಳು ಒಪ್ಪಲೇಬೇಕು ಎನ್ನುವುದು ನನ್ನ ಲೆಕ್ಕ. ಅವ್ವನಿಗೂ ಅದು ಗೊತ್ತಿತ್ತು. ಕಾರಿನಲ್ಲಿ ಕೂತವಳೇ ಹೇಳಿದಳು: "ನಾನು ಸರಿಯಾಗಿ ಹೇಳಿದ್ರೆ ಮಗ್ಗ ಇರ್ತದೆ. ತಪ್ಪಿದ್ರೆ ಹೋಗ್ತದೆ. ಅಷ್ಟೇ ತಾನೆ?" ನಾನು ಹಾರನ್ ಬಾರಿಸಿದೆ.

ಡಾಕ್ಟರರು ಒಳ್ಳೆಯವರು, ಸಮಾಧಾನಿ. ಇವತ್ತು ಯಾವ ವಾರ, ಈ ಊರು ಯಾವುದು ಎಂದೆಲ್ಲ ಕೇಳಿದರು. ಅವ್ವ ಕೆಲವಕ್ಕೆ ಸರಿಯಾಗಿ ಹೇಳಿದಳು, ಕೆಲವಕ್ಕೆ ತಪ್ಪಿದಳು. ಕೊನೆಗೆ ಅವರು ತಮಿಳಿನಲ್ಲಿ ಒಂದು ಲೆಕ್ಕ ಕೊಟ್ಟರು. ನೂರರಲ್ಲಿ ಏಳು ಕಳೆಯಬೇಕು, ಉಳಿದದ್ದರಲ್ಲಿ ಮತ್ತೆ ಏಳು, ಅದರಲ್ಲಿ ಮತ್ತೆ ಏಳು, ಹೀಗೇ ಹೇಳುತ್ತ ಹೋಗಬೇಕು.

ಅವ್ವ ಕಣ್ಣು ಮುಚ್ಚಿದಳು. ಹೆಬ್ಬೆರಳು ತೋರುಬೆರಳಿನ ಮೇಲೆ ಹೊಸೆಯುವ ಹಾಗೆ ಆಡತೊಡಗಿತು. ಡಾಕ್ಟರರು ತೊಂಬತ್ತಮೂರು ಎಂಬ ಉತ್ತರಕ್ಕೆ ಕಾಯುತ್ತಿದ್ದರು. ಬಹಳ ಹೊತ್ತಾಯಿತು. ಆಮೇಲೆ ಅವಳು ಕಣ್ಣು ಬಿಟ್ಟು ಹೇಳಿದಳು:

"ರೆಂಡು."

ಎರಡು. ಡಾಕ್ಟರರು ತಲೆಯಾಡಿಸಿ, "ಪರವಾಯಿಲ್ಲೆ ಪಾಟಿ," ಪರವಾಗಿಲ್ಲ ಅಜ್ಜಿ, ಎನ್ನುತ್ತ ಕಾಗದದಲ್ಲಿ ಏನೋ ಬರೆದುಕೊಂಡರು. ಅವ್ವ ನನ್ನ ಕಡೆ ತಿರುಗಿ, ಸರಿ ತಾನೆ ಎನ್ನುವ ಹಾಗೆ ನೋಡಿದಳು.

ಕಾರು ಹತ್ತಿ ಸತ್ತಿ ರಸ್ತೆಗೆ ತಿರುಗುವಷ್ಟರಲ್ಲಿ ನನಗೆ ತಿಳಿಯಿತು. ನೂರರಲ್ಲಿ ಏಳೇಳಾಗಿ ಹದಿನಾಲ್ಕು ಸಲ ತೆಗೆದರೆ ತೊಂಬತ್ತೆಂಟು. ಉಳಿಯುವುದು ಎರಡು. ಅವಳು ನಡುವಿನ ಮೆಟ್ಟಿಲು ಒಂದನ್ನೂ ಹೇಳದೆ ತಳಕ್ಕೆ ಇಳಿದು, ಕಡೆಗೆ ಏನು ಮಿಕ್ಕುತ್ತದೆಯೋ ಅದನ್ನು ಹೇಳಿದ್ದಳು. ಎಳೆ ಕೂಡಿಸುವವರಿಗೆ ನಡುವಿನ ಲೆಕ್ಕ ಯಾಕೆ ಬೇಕು? ತುದಿಯಲ್ಲಿ ಮಿಕ್ಕಿದ್ದೇ ತಾನೆ ಅವರ ತಲೆನೋವು.

ಕಾರು ತಿರುಗಿಸಿ ಹೋಗಿ ಡಾಕ್ಟರರಿಗೆ ಹೇಳಬಹುದಿತ್ತು. ಹತ್ತು ನಿಮಿಷದ ದಾರಿ. ನಾನು ತಿರುಗಿಸಲಿಲ್ಲ. ಮುಂದೆ ಗಣಪತಿ ಬಂತು. ವರ್ಕ್‌ಶಾಪಿನ ಮುಂದೆ ಕಾರು ನಿಲ್ಲಿಸಿ, ಅವ್ವನಿಗೆ ಎಳನೀರು ಕೊಡಿಸಿ, ಒಳಗೆ ಹೋಗಿ ಯಂತ್ರ ಕಳಿಸಿ ಎಂದು ಹೇಳಿ ಬಂದೆ. ಅವಳು ಎಳನೀರು ಮುಗಿಸದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಸರಿಯಾಗಿ ಹೇಳಿದ್ನಾ ಸಾಮಿ?"

"ಡಾಕ್ಟರು ತಪ್ಪು ಅಂತಾರೆ ಅವ್ವಾ."

ನಾನು ತಪ್ಪು ಎನ್ನಲಿಲ್ಲ. ಡಾಕ್ಟರು ಅನ್ನುತ್ತಾರೆ ಎಂದೆ. ಸುಳ್ಳು ಹೇಳದೆ ಕೆಲಸ ಸಾಧಿಸುವುದು ಹೇಗೆ ಎಂದು ಕಿರಿಯ ವರ್ತಕರು ನನ್ನನ್ನು ಕೇಳುವುದುಂಟು. ಹೀಗೆ.

ಮಗ್ಗ ಬಿಚ್ಚುವ ದಿನ ಅವ್ವ ತಕರಾರು ಮಾಡಲಿಲ್ಲ. ಮಾತಿಗೆ ನಿಲ್ಲುವ ಹೆಂಗಸು. ಪಣದಲ್ಲಿ ಸೋತೆನೆಂದು ಅವಳಿಗೆ ಅವಳೇ ಹೇಳಿಕೊಂಡಿರಬೇಕು. ಒಂದೇ ಒಂದು ಕೇಳಿದಳು. "ಹಣಿಗೇನ ಎಳೆ ಸಮೇತ ಬಿಡು. ತುದಿ ಕಟ್ಟಬೇಕು. ಅರ್ಧ ದಿನ ಕೊಡು." ಕೊಟ್ಟೆ. ಹಿಂದೆ ತೂಗುತ್ತಿದ್ದ ಉರುಳೆ ಕೈಗೆ ಅಡ್ಡ ಬರುತ್ತಿತ್ತೆಂದು ಮೊದಲು ಅದರ ಎಳೆಯನ್ನು ನಾನೇ ಕತ್ತರಿಸಿದೆ. ಆಮೇಲೆ ಹಾಸನ್ನು ಹಣಿಗೆಯ ಆಚೆ ಈಚೆ ಒಂದೊಂದು ಗೇಣು ಬಿಟ್ಟು ಕತ್ತರಿಸಿದೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಆದರೂ ಐದಾರು ಸಲ ಒತ್ತಬೇಕಾಯಿತು. ಅವ್ವ ನೆಲದ ಮೇಲೆ ಕೂತು, ಹಣಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಳೆಗಳು ಜಾರಿಹೋಗದಂತೆ ಚಿಕ್ಕ ಚಿಕ್ಕ ಕುಚ್ಚುಗಳಾಗಿ ಗಂಟು ಹಾಕುತ್ತ ಹೋದಳು. ತುಟಿ ಅಲ್ಲಾಡುತ್ತಿತ್ತು. ಅರ್ಧ ದಿನ ಸಾಲದೆ ಸಾಯಂಕಾಲದವರೆಗೂ ಕಟ್ಟಿದಳು. ಹಣಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಉರುಳೆಯ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಹಾಕಿದೆ. ಗುಂಡಿಗೆ ಜಲ್ಲಿ ಸುರಿದು ಸಿಮೆಂಟು ಬಳಿಸಿದೆ.

ಅದಾದ ಮೇಲೆ ಅವ್ವ ಒಂದೂವರೆ ವರ್ಷ ಇದ್ದಳು. ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬರಿಗೈಯಲ್ಲಿ ಹೊಸೆಯುತ್ತಿದ್ದಳು. ಒಂದೊಂದೇ ಮಾತು ಬಿಟ್ಟುಹೋಯಿತು. ಕೊನೆಗೆ ಉಳಿದದ್ದು ಒಂದು ಅಂಕಿ.

"ಎಪ್ಪತ್ತೊಂದು. ಎಪ್ಪತ್ತೊಂದು."

ಎರಡು ಸಲ ಹೇಳುವಳು, ನಿಲ್ಲಿಸುವಳು, ಮತ್ತೆ ಎರಡು ಸಲ. ಹೆಂಡತಿ ಅದು ವಯಸ್ಸು ಎಂದಳು. ನಾನು ಅದು ಬಸ್ಸಿನ ನಂಬರೇ, ಹಳೆಯ ಮನೆಯ ಬಾಗಿಲ ನಂಬರೇ ಎಂದು ಹುಡುಕಿದೆ, ಯಾವುದೂ ಅಲ್ಲ. ಒಮ್ಮೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೇಳಿದೆ.

"ಏನವ್ವಾ ಎಪ್ಪತ್ತೊಂದು?"

ಅವಳು ನನ್ನ ಅಂಗೈ ಹಿಡಿದು ಮಡಿಚಿದಳು. "ಅದರಲ್ಲಿ ಮಾತ್ರ ಸೇರ್ತದೆ," ಎಂದಳು. ಏನು ಸೇರುತ್ತದೆ ಎಂದು ಕೇಳುವಷ್ಟರಲ್ಲಿ ಮತ್ತೆ ಬರಿಗೈಯಲ್ಲಿ ಹೊಸೆಯತೊಡಗಿದ್ದಳು.

ಅವ್ವ ಹೋಗಿ ಆರು ತಿಂಗಳಿಗೆ, ಅಟ್ಟ ಬರಿದು ಮಾಡುವಾಗ ಪೆಟ್ಟಿಗೆ ಕೈಗೆ ಬಂತು. ಭಾನುವಾರ ಬೆಳಗ್ಗೆ. ಸೀರೆ ಬಿಚ್ಚಿದೆ. ಹಣಿಗೆಯ ಉದ್ದಕ್ಕೂ ಕುಚ್ಚುಗಳು, ಒಂದೇ ದಪ್ಪ, ಒಂದೇ ಅಂತರ. ಸುಮ್ಮನೆ ಎಣಿಸಿದೆ. ಎಪ್ಪತ್ತೊಂದು ಕುಚ್ಚು.

ಒಂದು ಕುಚ್ಚಿನ ಗಂಟು ಬಿಚ್ಚಿ ಎಳೆ ಎಣಿಸಿದೆ. ಎಪ್ಪತ್ತೊಂದು.

ಇನ್ನೊಂದು ಬಿಚ್ಚಿದೆ. ಎಪ್ಪತ್ತೊಂದು. ಆಮೇಲೆ ಗಂಟು ಬಿಚ್ಚುವ ಧೈರ್ಯ ಬರಲಿಲ್ಲ. ಬಿಚ್ಚದೆಯೇ ಉಗುರಿನಿಂದ ಬಿಡಿಸಿ ಬಿಡಿಸಿ ಎಲ್ಲವನ್ನೂ ಎಣಿಸಿದೆ. ಹೆಂಡತಿ ಎರಡು ಸಲ ಊಟಕ್ಕೆ ಕರೆದಳು. ಫೋನಿನಲ್ಲಿ ಎಪ್ಪತ್ತೊಂದನ್ನು ಎಪ್ಪತ್ತೊಂದರಿಂದ ಗುಣಿಸಿದೆ. ಐದು ಸಾವಿರದ ನಲವತ್ತೊಂದು.

ಆ ದಿನ ನಾನು ಫೋನು ಹಿಡಿದು ಬಹಳ ಹೊತ್ತು ಭಾಗಿಸುತ್ತ ಕೂತೆ. ಐದು ಸಾವಿರದ ನಲವತ್ತನ್ನು ಅರವತ್ತು ಬೇರೆ ಬೇರೆ ಅಂಕಿಗಳಿಂದ ಶೇಷವಿಲ್ಲದೆ ಭಾಗಿಸಬಹುದು. ಒಂದೆಳೆ ಕಡಿಮೆಯಾದರೆ ಐದು ಸಾವಿರದ ಮೂವತ್ತೊಂಬತ್ತು. ಅದು ಒಂದನ್ನೂ ತನ್ನನ್ನೂ ಬಿಟ್ಟು ಯಾವುದರಿಂದಲೂ ಭಾಗವಾಗುವುದಿಲ್ಲ. ಒಂದೆಳೆ ಹೆಚ್ಚಾದರೆ ಐದು ಸಾವಿರದ ನಲವತ್ತೊಂದು. ಎರಡರಲ್ಲಿ, ಮೂರರಲ್ಲಿ, ಹತ್ತರ ತನಕ ಎಲ್ಲದರಲ್ಲೂ ಒಂದು ಉಳಿಯುತ್ತದೆ. ಅದಕ್ಕೆ ಇರುವುದು ಒಂದೇ ಮನೆ, ಎಪ್ಪತ್ತೊಂದು. ಆ ಒಂಟಿ ಎಳೆಯನ್ನು ಹೊರಗೆ ಬಿಡದಂಥ ಒಂದೇ ಅಂಕಿಯನ್ನು ಅಕ್ಷರ ಬಾರದ ಹೆಂಗಸು ಬೂದಿಬೆರಳಲ್ಲಿ ಹುಡುಕಿ ತೆಗೆದಿದ್ದಳು. ಎಷ್ಟು ವರ್ಷ ಒದ್ದಾಡಿದೀನಿ ಎಂದು ಹೇಳಿದ್ದಳಲ್ಲ.

ಆದರೆ ಆ ಒಂದು ಎಲ್ಲಿಂದ ಬಂತು? ಪೆಟ್ಟಿಗೆ ಕಾರಿಗೆ ಹಾಕಿಕೊಂಡು ಮರುದಿನವೇ ಊರಿಗೆ, ಚಿಕ್ಕವ್ವನ ಮನೆಗೆ ಹೋದೆ. ಅವಳು ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಹಣಿಗೆ ನೋಡಿ ಕೈ ಒರೆಸಿಕೊಂಡು, ಬಲತುದಿಯ ಕಡೆಯ ಎಳೆಯ ಮೇಲೆ ಉಗುರಾಡಿಸಿದಳು.

"ಇದಕ್ಕೆ ಗಂಜಿ ಇಲ್ಲ ನೋಡು. ಮೆತ್ತಗದೆ. ಹಾಸಿಂದಲ್ಲ ಇದು. ಉರುಳೆ ಎಳೆ."

"ಕಡಿದ ಎಳೆಗೆ ಬದಲಿ ಅಲ್ವಾ ಅದು?"

"ದೊಡ್ಡ ಯಾಪಾರಿ ನೀನು. ಕಡ್ದಿದ್ರೆ ಹಾಸಲ್ಲಿ ಒಂದು ಕಮ್ಮಿ ಇರ್ಬೇಕಲ್ವಾ? ಹಾಸೂ ಪೂರ್ತಿ ಅದೆ, ಇದೂ ಅದೆ."

"ಮತ್ತೆ ಯಾಕೆ ಕಟ್ಟಿದ್ಳು?"

ಚಿಕ್ಕವ್ವ ಹುಣಸೆಬೀಜ ಒಂದನ್ನು ತಟ್ಟೆಗೆ ಹಾಕಿದಳು. "ಸತ್ತವ್ರಿಗೆ ಎಡೆ ಇಡ್ತೀವಿ. ಬದುಕಿದ್ದು ಮಗ್ಗ ಬಿಟ್ಟೋದವ್ರಿಗೆ ಏನಿಡೋದು? ನಮ್ಮ ಹೆಂಗಸ್ರು ಒಂದು ಎಳೆ ತೂಗಿ ಬಿಡ್ತಾರೆ. ಹಾಸಿನ ಲೆಕ್ಕಕ್ಕೆ ಸೇರಿಸಲ್ಲ, ಗಂಡಸ್ರಿಗೆ ಹೇಳಲ್ಲ. ಉರುಳೇಲಿ ಮುಗಿದ್ರೆ ಇನ್ನೊಂದು ಹೊಸೀತಾರೆ. ನೀನು ಬಸ್ ಹತ್ತಿದ ದಿನ ಕಟ್ಟಿದ್ದು ಅದು."

ಬೀದಿಯಲ್ಲಿ ಯಾರದೋ ಸ್ಕೂಟರು ಹೋಯಿತು.

"ನಂಗೊಂದು ಮಾತು ಹೇಳಬಹುದಿತ್ತಲ್ಲ ಚಿಕ್ಕವ್ವಾ."

"ಹೋದವ್ರಿಗೆ ಹೇಳಬಾರದು. ಹೇಳಿದ್ರೆ ಹಗ್ಗ ಹಾಕಿ ಎಳ್ದಂಗೆ."

"ನಾನೇ ಅವಳನ್ನ ಕರ್ಕೊಂಡ್ಬಂದೆ. ಹದಿನಾಲ್ಕು ವರ್ಷ ಒಂದೇ ಮನೇಲಿ ಇದ್ವಿ."

"ಮನೇಲಿದ್ದೆ. ಮಗ್ಗದ್ ಹತ್ರ ಒಂದಿನ ಕೂತ್ಯಾ?"

ಅವಳು ಕೇಳಿದ್ದು ಕುಟುಕುವುದಕ್ಕಲ್ಲ, ನಿಜವಾಗಿ ತಿಳಿಯುವುದಕ್ಕೆ. ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ಆಮೇಲೆ, "ಆ ಉರುಳೆ ಎಳೇನ ಯಾರು ಕತ್ತರಿಸಿದ್ದು?" ಎಂದಳು.

ನಾನು ಹೇಳಿದೆ.

"ಅವಳು ನೋಡ್ತಾ ಇದ್ಳಾ?"

"ಪಕ್ಕದಲ್ಲೇ ಕೂತಿದ್ಳು."

ಚಿಕ್ಕವ್ವ ಹಣಿಗೆಯನ್ನು ಮತ್ತೆ ಸೀರೆಯಲ್ಲಿ ಸುತ್ತಿ ನನ್ನ ಕಡೆ ಸರಿಸಿದಳು. ಹೊರಡುವಾಗ ಉರುಳೆಯನ್ನು ಅವಳ ಮುಂದಿಟ್ಟು ಇದನ್ನು ಏನು ಮಾಡಲಿ ಎಂದು ಕೇಳಿದೆ. "ಮಗ್ಗ ಇಲ್ದೆ ಎಲ್ಲಿಗೆ ಕಟ್ಟೋದು? ಇಟ್ಕೋ. ನಿಂದೇ ಅಲ್ವಾ," ಎಂದಳು.

ಹಿಂದಿನ ಕೋಣೆಯಲ್ಲಿ ಈಗಲೂ ಯಂತ್ರ ಓಡುತ್ತದೆ. ಗುಂಡಿ ಇದ್ದ ಜಾಗದಲ್ಲಿ ನೆಲ ಒಂದು ಬೆರಳಷ್ಟು ಇಳಿದಿದೆ. ಎರಡು ಸಲ ಸಿಮೆಂಟು ಬಳಿಸಿದೆ, ಮತ್ತೆ ಇಳಿಯಿತು. ಯಂತ್ರದ ಪಕ್ಕದಲ್ಲಿ ಓಡಿದ ಬಟ್ಟೆಯ ಮೀಟರ್ ತೋರಿಸುವ ಅಂಕಿಫಲಕವಿದೆ. ಅದು ಐದು ಸಾವಿರ ದಾಟಿತೆಂದರೆ ನಾನು ಏನಾದರೂ ನೆಪ ಮಾಡಿ ಹೊರಗೆ ಹೋಗುತ್ತೇನೆ. ಅಲ್ಲಿ ಕೆಲಸ ಮಾಡುವ ಹೆಂಗಸು ಒಮ್ಮೆ, "ಮುದಲಾಳಿಗೆ ಆ ಸೌಂಡ್ ಆಗಲ್ಲ" ಎಂದು ಪಕ್ಕದವಳಿಗೆ ನನ್ನ ಬಗ್ಗೆ ಹೇಳುತ್ತಿದ್ದದ್ದು ಕೇಳಿತು. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ಬುದ್ಧಿ ಹೇಳುವ ಚಟ ನನ್ನನ್ನು ಬಿಟ್ಟಿಲ್ಲ, ಹಾಗಾಗಿ ಒಂದು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ವಯಸ್ಸಾದವರು ಒಂದು ಸಂಖ್ಯೆ ಹೇಳಿದರೆ ಚೀಟಿ ತರಬೇಡಿ. ಕೂತು ಎಣಿಸಿ.

ಉರುಳೆ ನನ್ನ ಮೇಜಿನ ಪಕ್ಕದ ಮೊಳೆಯಲ್ಲಿ, ಕಲ್ಲಿನ ಸಮೇತ ತೂಗುತ್ತಿದೆ. ಅದರಲ್ಲಿ ಇನ್ನೂ ಹತ್ತು ಹನ್ನೆರಡು ಮೊಳ ಎಳೆ ಉಳಿದಿದೆ. ಫ್ಯಾನ್ ಹಾಕಿದಾಗ ಕಲ್ಲು ಮೆಲ್ಲಗೆ ಒಂದು ಕಡೆಗೆ ತಿರುಗುತ್ತದೆ, ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗುತ್ತದೆ. ಕತ್ತರಿಸಿದ ತುದಿ ಗಾಳಿಯಲ್ಲಿ ಮೇಲೇಳುತ್ತದೆ. ವ್ಯಾಪಾರಕ್ಕೆ ಬಂದವರು ಮಾತಿನ ನಡುವೆ ಅದನ್ನು ನೋಡುತ್ತಾರೆ, ನಾನೂ ನೋಡುತ್ತೇನೆ. ಈಚೆಗೆ ಎಷ್ಟೋ ಸಲ ಮೊದಲ ಸಂಖ್ಯೆ ನನ್ನ ಬಾಯಿಂದಲೇ ಬಂದುಬಿಡುತ್ತದೆ.